ನಗಲು ಅಂಜುವ ಗೃಹಿಣಿ

ಮದುವೆಯ ಮನೆಯಲ್ಲಿ ಹೆಂಗಸರೆಲ್ಲ ಹರಟುತ್ತ ಕುಳಿತಿರುವಾಗ ಯಾರೋ ಒಂದು ಹಾಸ್ಯದ ಮಾತನ್ನೆಸೆಯುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮೂಲೆಯಲ್ಲಿ ಕುಳಿತ ಒಬ್ಬಾಕೆ ಮಾತ್ರ ತುಟಿ ಬಿಗಿದುಕೊಂಡು ಮೆಲ್ಲನೆ ಎದ್ದು ಒಳಗೆ ಹೋಗುತ್ತಾಳೆ. ಆಕೆಗೆ ಬಿಗುಮಾನವೆಂದು ಉಳಿದವರ ಎಣಿಕೆ. ನಿಜಸ್ಥಿತಿ ಬೇರೆ. ನಕ್ಕರೆ, ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡವನ್ನೆತ್ತಿದರೆ ಆಕೆಗೆ ಮೂತ್ರ ಜಿನುಗುತ್ತದೆ. ಈ ಸಂಗತಿಯನ್ನು ಗಂಡನಿಗೆ ತಿಳಿಸಿಲ್ಲ. ವೈದ್ಯರ ಮುಂದಂತೂ ಬಾಯಿ ಬಿಟ್ಟಿಲ್ಲ. ಪ್ರಯಾಣವೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾಳೆ. "ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ತಾಯಿ ಎಂದೋ ಆಡಿದ ಒಂದು ಮಾತನ್ನು ನಂಬಿ ಹತ್ತು ವರ್ಷಗಳನ್ನು ಕಳೆದಿದ್ದಾಳೆ.

ಅನೇಕರಿಗೆ ಇದ್ದದ್ದು ನಿಜ. ಆದರೆ ಅದನ್ನು ಅನುಭವಿಸಿಕೊಂಡೇ ಇರಬೇಕೆಂಬ ವಿಧಿಯಿಲ್ಲ. ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬೆನ್ನೆಲುಬಿನ ತುದಿಯವರೆಗೆ ಸ್ನಾಯುಗಳ ಒಂದು ಹಾಸು ಜೋಲಿಯಂತೆ ಹಬ್ಬಿಕೊಂಡಿದೆ. ಮೂತ್ರಕೋಶ, ಗರ್ಭಕೋಶ, ಮಲಾಶಯಗಳಿಗೆ ಕೆಳಗಿನಿಂದ ಆಧಾರ ಅದೇ. ಬಸಿರು, ಹೆರಿಗೆಗಳಲ್ಲಿ ಅದು ಬಹಳವಾಗಿ ಹಿಗ್ಗುತ್ತದೆ. ಜೋಲಿ ಸಡಿಲವಾದಾಗ ಹೊಟ್ಟೆಯೊಳಗಿನ ಒತ್ತಡ ಫಕ್ಕನೆ ಏರಿದರೆ ಮೂತ್ರದ್ವಾರ ತಡೆಯಲಾರದು. ಸ್ನಾಯುವೆಂದ ಮೇಲೆ ತೋಳಿನ ಸ್ನಾಯುವಿನಂತೆ ಅದನ್ನೂ ಸಾಧನೆಯಿಂದ ಬಲಪಡಿಸಬಹುದು.

ಈ ಮಾತನ್ನು ಪ್ರಯೋಗದಿಂದ ತೋರಿಸಿ ಪ್ರಚಾರಕ್ಕೆ ತಂದವರು ಅಮೆರಿಕದ ಲಾಸ್ ಏಂಜಲೀಸಿನ ಸ್ತ್ರೀರೋಗತಜ್ಞ ಡಾ. ಆರ್ನಲ್ಡ್ ಕೆಗೆಲ್. 1948ರಲ್ಲಿ ಅವರ ಲೇಖನ ಪ್ರಕಟವಾಯಿತು. ಇಂದಿಗೂ ಈ ವ್ಯಾಯಾಮಕ್ಕೆ ಅವರ ಹೆಸರೇ ನಿಂತಿದೆ. ಆದರೆ ಹೆಸರು ಉಳಿದಷ್ಟು ಚೆನ್ನಾಗಿ ವಿಧಾನ ಉಳಿಯಲಿಲ್ಲ. ಅನೇಕ ಸ್ತ್ರೀಯರಿಗೆ ಆ ಸ್ನಾಯು ಎಲ್ಲಿದೆ ಎಂಬ ಅರಿವೇ ಇರುವುದಿಲ್ಲವೆಂದು ಕಂಡುಕೊಂಡ ಕೆಗೆಲ್, ಮೊದಲು ಪರೀಕ್ಷಿಸಿ, ಬೆರಳಿನಿಂದ ಸೂಚಿಸಿ, ಸರಿಯಾದ ಸ್ನಾಯುವನ್ನು ಬಿಗಿಹಿಡಿಯಲು ಕಲಿಸುತ್ತಿದ್ದರು. ಅನಂತರ ಪೆರಿನಿಯೋಮೀಟರ್ ಎಂಬ ತಮ್ಮದೇ ಉಪಕರಣವನ್ನು ಕೊಡುತ್ತಿದ್ದರು. ಅದರ ರಬ್ಬರ್ ಭಾಗವನ್ನು ಯೋನಿಯಲ್ಲಿರಿಸಿ ಬಿಗಿಹಿಡಿದರೆ, ಹೊರಗಿನ ಮಾಪಕದ ಮುಳ್ಳು ಮೇಲೇರುವುದು. ದಿನದಿನಕ್ಕೆ ಎಷ್ಟು ಏರಿತೆಂಬುದನ್ನು ಆಕೆಯೇ ಕಣ್ಣಾರೆ ಕಾಣಬಹುದಾಗಿತ್ತು.

ಕಾಲಕ್ರಮದಲ್ಲಿ ಉಪಕರಣವೂ ಪಾಠವೂ ಹಿಂದೆ ಸರಿದು, "ಕೆಳಗೆ ಬಿಗಿಹಿಡಿಯಿರಿ" ಎಂಬ ಸಲಹೆಯಷ್ಟೇ ಬಹಳ ಕಡೆ ಉಳಿಯಿತು. ಅದರ ಫಲವೇನೆಂಬುದು 1991ರಲ್ಲಿ ಅಮೆರಿಕದಲ್ಲಿಯೇ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿಯಿತು. ಬರಿಯ ಬಾಯಿಮಾತಿನಿಂದ ಕಲಿತ 47 ಮಂದಿಯಲ್ಲಿ ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು. ಕಾಲು ಭಾಗದವರ ಪ್ರಯತ್ನವಂತೂ ತೊಂದರೆಯನ್ನು ಹೆಚ್ಚಿಸಬಹುದಾದ ರೀತಿಯದು. ಮೇಲಕ್ಕೆ ಸೆಳೆಯುವ ಬದಲು ಮಲವಿಸರ್ಜನೆಯಲ್ಲಿ ಮುಕ್ಕುವಂತೆ ಕೆಳಕ್ಕೆ ತಳ್ಳುವುದು, ಉಸಿರು ಕಟ್ಟಿ ಹೊಟ್ಟೆಯನ್ನು ಬಿಗಿಯುವುದು, ಪೃಷ್ಠಗಳನ್ನು ಹಿಂಡುವುದು ಸಾಮಾನ್ಯವಾದ ತಪ್ಪುಗಳು. ತಿಂಗಳುಗಟ್ಟಲೆ ಹೀಗೆ ಮಾಡಿ, "ವ್ಯಾಯಾಮ ಫಲಿಸಲಿಲ್ಲ" ಎಂದು ಕೈಬಿಟ್ಟವರ ನಿರಾಶೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಅಧೋವಾಯುವನ್ನು ತಡೆಯುವಂತೆಯೂ ಮೂತ್ರವನ್ನು ತಡೆಯುವಂತೆಯೂ ಒಟ್ಟಿಗೆ ಒಳಕ್ಕೂ ಮೇಲಕ್ಕೂ ಸೆಳೆಯುವುದೇ ಸರಿಯಾದ ಕ್ರಮ. ಉಸಿರಾಟ ಎಂದಿನಂತಿರಬೇಕು. ಹಠಯೋಗದ ಮೂಲಬಂಧವನ್ನು ಬಲ್ಲವರಿಗೆ ಈ ಸೆಳೆತ ಪೂರ್ತಿ ಹೊಸತೆನಿಸದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನೋಡುವುದನ್ನು ಮಾತ್ರ ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದಿರಬಹುದು.

ನಾರ್ವೆಯ ಫಿಸಿಯೋಥೆರಪಿಸ್ಟ್ ಕಾರಿ ಬೊ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 107 ಸ್ತ್ರೀಯರಿದ್ದರು. ಆರು ತಿಂಗಳ ಬಳಿಕ ನೋಡಿದಾಗ, ವಿದ್ಯುತ್ ಪ್ರಚೋದನೆಗಿಂತಲೂ ಯೋನಿಯಲ್ಲಿರಿಸುವ ತೂಕದ ಶಂಕುಗಳಿಗಿಂತಲೂ ವ್ಯಾಯಾಮವೇ ಮೇಲೆನಿಸಿತು. ಆ ಗುಂಪಿನವರು ದಿನಕ್ಕೆ ಮೂರು ಬಾರಿ, ಪ್ರತಿಬಾರಿ 8ರಿಂದ 12 ಸಲ, ಬಿಗಿಹಿಡಿದು ಸಡಿಲಿಸುತ್ತಿದ್ದರು. ಇಷ್ಟೇ ಅಲ್ಲ, ಶಿಕ್ಷಕಿಯ ಮೇಲ್ವಿಚಾರಣೆಯೂ ಇತ್ತು. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಕೂಡ ಕನಿಷ್ಠ ಮೂರು ತಿಂಗಳ, ತಜ್ಞರ ಮೇಲ್ವಿಚಾರಣೆಯ ಸಾಧನೆಯನ್ನು ಸೂಚಿಸುತ್ತದೆ. ಎರಡು ವಾರಕ್ಕೇ ಬೇಸರಪಡುವವರು ಇದನ್ನು ಗಮನಿಸಬೇಕು.

ಎಲ್ಲ ಸೋರಿಕೆಗೂ ಒಂದೇ ಚಿಕಿತ್ಸೆಯಲ್ಲ. ಅವಸರ ತಡೆಯಲಾಗದೆ ಬಚ್ಚಲಿಗೆ ತಲುಪುವ ಮೊದಲೇ ಮೂತ್ರ ಹೋಗುವವರಿಗೆ ಮೂತ್ರಕೋಶವನ್ನು ಪಳಗಿಸುವ ಬೇರೆ ಶಿಕ್ಷಣವೂ ಬೇಕಾಗುತ್ತದೆ. ಉರಿ, ಮೂತ್ರದಲ್ಲಿ ರಕ್ತ, ಕೆಳಗೆ ಏನೋ ಜಾರಿ ಬಂದಂತಹ ಭಾವನೆ ಇದ್ದರೆ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕಾಣಬೇಕು. ಅಲ್ಲಿ ನಾಚಿಕೆಪಡಬೇಕಾಗಿಲ್ಲ, ಹಲ್ಲುನೋವಿನಂತೆ ಇದೂ ಅವರಿಗೆ ದಿನನಿತ್ಯದ ವಿಷಯವೇ.

ಸ್ನಾಯು ಬಲಗೊಳ್ಳುವ ಮೊದಲೇ ಉಪಯೋಗಕ್ಕೆ ಬರುವ ಒಂದು ಯುಕ್ತಿಯೂ ಇದೆ. ಕೆಮ್ಮು, ಸೀನು ಬರುವುದೆಂದು ತೋರಿದ ಕೂಡಲೇ, ಅದು ಹೊರಡುವ ಮೊದಲೇ, ಬಿಗಿಹಿಡಿಯುವುದು. 1998ರಲ್ಲಿ ಅಮೆರಿಕದ ಸಂಶೋಧಕರು 27 ಮಂದಿ ವಯಸ್ಸಾದ ಸ್ತ್ರೀಯರಿಗೆ ಇದನ್ನು ಕಲಿಸಿ, ಒಂದು ವಾರದ ಬಳಿಕ ಕೆಮ್ಮಿಸಿ ನೋಡಿದರು. ಸೋರಿಕೆ ಬಹುಮಟ್ಟಿಗೆ ತಗ್ಗಿತ್ತು.