ಅಜ್ಜನ ಹಾಜರಿ

ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ರೆ ಸಾಕು, ನಾವು ಎಕ್ಸಾಮ್ ಸೆಕ್ಷನ್ ಮುಂದೆ ಸಾಲು ನಿಲ್ತೀವಿ. ಆದರೆ ಮನೆಯ ಹಿರಿಯರ ದಾಖಲೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಾವು ಮೂವರು ಈ ರಜೆಯಲ್ಲಿ ಬ್ಯಾಡಗಿಯ ಗೆಳೆಯನ ಅಜ್ಜನ ಡಿಸ್ಚಾರ್ಜ್ ಬುಕ್ ನೋಡಿದ್ವಿ. 1971ರ ಯುದ್ಧದಲ್ಲಿ ಪೂರ್ವದ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಅಜ್ಜ ಪೂರ್ವದಲ್ಲಿದ್ದರು. ಆದರೆ ಪದಕಗಳ ಕಾಲಂನಲ್ಲಿ ಅದಿಲ್ಲ. ಇದರಿಂದ ಪಿಂಚಣಿಯೇನೂ ಹೆಚ್ಚಾಗಲ್ಲವಲ್ಲ ಅಂದ್ವಿ. "ರೊಕ್ಕ ಯಾರ್ ಕೇಳ್ಯಾರ? ನಾ ಅಲ್ಲಿದ್ದೆ ಅಂತ ಬರೀಲಿ, ಅಷ್ಟ ಸಾಕು" ಅಂದ್ರು.

ಅಜ್ಜ ಹೇಳಿದ್ದೇ ಸರಿ. ಈ ಪದಕ ಬಹುಮಾನ ಅಲ್ಲ, ಹಾಜರಿ. ಹಾಜರಿ ಶಾರ್ಟೇಜ್ ಅಂದ್ರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಿದ್ದಿಸೋಕೆ ದಾರಿ ಇದೆ. ಆರ್ಮಿ ನಂಬರ್, ಯೂನಿಟ್, ಸೇವೆಯ ತಾರೀಖು ಬರೆದು, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಇಟ್ಟು, ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಬೇಕು. ಸೈನಿಕ ಕಲ್ಯಾಣ ಇಲಾಖೆಯವರ ಸಹಾಯವನ್ನೂ ಕೇಳಬಹುದು. ವಯಸ್ಸಾದವರಿಗೆ ಇದು ಬೆಟ್ಟದಷ್ಟು ಕೆಲಸ. ಫಾರ್ಮ್ ತುಂಬಿ ತುಂಬಿಯೇ ಇಲ್ಲಿಗೆ ಬಂದ ನಮಗೆ ಒಂದು ಮಧ್ಯಾಹ್ನ ಸಾಕು.

ನಾವು ಅರ್ಜಿ ಕಳಿಸಿ ಕಾಯ್ತಿದ್ದೀವಿ. ನೀವೂ ಊರಿಗೆ ಹೋದಾಗ ಅಜ್ಜನ ಟ್ರಂಕ್ ಒಮ್ಮೆ ತೆಗೆಸಿ ನೋಡಿ.