ಅರಸುವಿಕೆಯ ವ್ಯರ್ಥತೆ ಮತ್ತು ಮುಕ್ತಾಯಕ್ಕನ ಪ್ರಶ್ನೆ

ಕನ್ನಡದ 'ಸಂಪಾದನೆ' ಎಂಬ ಪದಕ್ಕೆ ಗಳಿಕೆ ಎಂಬ ಅರ್ಥವಿರುವಂತೆಯೇ ಗ್ರಂಥವನ್ನು ಸಂಕಲಿಸಿ ಪರಿಷ್ಕರಿಸುವುದು ಎಂಬ ಅರ್ಥವೂ ಇದೆ. 'ಶೂನ್ಯಸಂಪಾದನೆ' ಎಂಬ ಹೆಸರು ಈ ಎರಡನ್ನೂ ಒಟ್ಟಿಗೆ ಹೊತ್ತಿದೆ. ಬಯಲನ್ನು ಗಳಿಸುವುದು ಹೇಗೆ ಎಂಬ ವಿರೋಧಾಭಾಸವನ್ನು ಆ ಹೆಸರೇ ನಮ್ಮ ಮುಂದಿಡುತ್ತದೆ. ನಾನು ವಾಸವಾಗಿರುವ, ಬೆಂಗಳೂರಿನ ಹೊರವಲಯದ ಕುಂದಲಹಳ್ಳಿಯಲ್ಲಿ ಈ ವಿರೋಧಾಭಾಸ ದಿನನಿತ್ಯದ ಸಂಗತಿ. ಸಾಫ್ಟ್‌ವೇರ್ ಕಂಪನಿಗಳ ನಡುವೆ ಸಿಕ್ಕ ಈ ಹಳ್ಳಿಯಲ್ಲಿ ಸಂಪಾದನೆಯೆಂದರೆ ಸಂಬಳ. ಆ ಸಂಪಾದನೆಯ ದಣಿವನ್ನು ನೀಗಲು ಧ್ಯಾನದ ತರಗತಿಗಳು. ಎಷ್ಟು ದಿನ ತಪ್ಪದೆ ಧ್ಯಾನಕ್ಕೆ ಕುಳಿತೆವೆಂಬುದನ್ನು ಮೊಬೈಲ್ ಫೋನೇ ಲೆಕ್ಕವಿಡುತ್ತದೆ. ಮೌನವೂ ಖಾತೆಗೆ ಜಮೆಯಾಗುತ್ತದೆ. ಇದನ್ನು ಕಾಲದ ವಿಕಾರವೆಂದು ಗೇಲಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಗಳಿಕೆಯ ಈ ತರ್ಕ ಸಾಧನೆಯ ಕಲ್ಪನೆಯೊಳಗೇ ಅಡಗಿದೆಯೆಂಬುದನ್ನು ಕನ್ನಡದ ಅನುಭಾವ ಪಠ್ಯಗಳು ಬಹಳ ಹಿಂದೆಯೇ ಗುರುತಿಸಿದ್ದವು.

ಚಾಮರಸನ 'ಪ್ರಭುಲಿಂಗಲೀಲೆ'ಯ ಗೋರಕ್ಷ ಪ್ರಸಂಗ ಎಲ್ಲರಿಗೂ ಪರಿಚಿತ. ಯೋಗಸಾಧನೆಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲೆಂಬ ಸದ್ದು ಹೊರಡುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ನಮ್ಮ ತರಗತಿಗಳಲ್ಲಿ ಇದನ್ನು ಸಾಮಾನ್ಯವಾಗಿ ಹಠಯೋಗದ ಮೇಲೆ ಶಿವಯೋಗ ಸಾಧಿಸಿದ ವಿಜಯವೆಂದು ಬೋಧಿಸಲಾಗುತ್ತದೆ. ಒಬ್ಬ ಯೋಗಿಗಿಂತ ಇನ್ನೊಬ್ಬ ಯೋಗಿ ಮೇಲು ಎಂಬ ಈ ಓದು ಪ್ರಸಂಗದ ಮೊನೆಯನ್ನೇ ಮೊಂಡಾಗಿಸುತ್ತದೆ. ಗೋರಕ್ಷನ ಸಾಧನೆ ಎಲ್ಲಿಯೂ ಸೋತಿಲ್ಲವೆಂಬುದನ್ನು ಗಮನಿಸಬೇಕು. ಅದು ಪೂರ್ಣವಾಗಿ ಫಲಿಸಿದೆ. ಫಲಿಸಿದ್ದರಿಂದಲೇ ಕತ್ತಿಗೆ ಅಡ್ಡವಾಗಿ ನಿಲ್ಲುವ 'ನಾನು' ಗಟ್ಟಿಗೊಂಡಿದೆ. ಅರಸುವವನನ್ನು ಅರಸುವಿಕೆಯೇ ಪೋಷಿಸುತ್ತದೆಯಾದರೆ ಇನ್ನಷ್ಟು ಸಾಧನೆ ಅದಕ್ಕೆ ಪರಿಹಾರವಾಗಲಾರದು.

ಈ ದೃಷ್ಟಿಯಿಂದ ಹರಿಹರನ 'ಪ್ರಭುದೇವರ ರಗಳೆ' ಇನ್ನೂ ಸೂಕ್ಷ್ಮವಾಗಿದೆಯೆಂಬುದು ನನ್ನ ಅಭಿಪ್ರಾಯ. ಅಲ್ಲಿ ಅಲ್ಲಮ ಸಾಧಕನಾಗಿ ಮನೆ ಬಿಟ್ಟು ಹೊರಟವನಲ್ಲ. ಅವನು ಮದ್ದಳೆಗಾರ, ಜ್ವರದಿಂದ ತೀರಿಕೊಂಡ ಕಾಮಲತೆಯ ವಿರಹದಲ್ಲಿ ಮೈಮರೆತು ಅಲೆಯುತ್ತಿರುವವನು. ತೋಟದಲ್ಲಿ ಕುಳಿತು ಸುಮ್ಮನೆ ಕಾಲುಗುರಿನಿಂದ ನೆಲ ಕೆರೆಯುವಾಗ ಹೊನ್ನ ಕಳಸ ಕಾಣುತ್ತದೆ, ಅಗೆದರೆ ಗುಡಿ, ಒಳಗೆ ಅನಿಮಿಷಯ್ಯ. ಹುಡುಕದೆ ಎದುರಾದದ್ದು ಅದು. ಚಾಮರಸನಿಗೆ ಈ ದುಃಖ ಮುಜುಗರ ತಂದಿರಬೇಕು. ಅವನ ಕಾವ್ಯದಲ್ಲಿ ಅಲ್ಲಮ ನಿರಹಂಕಾರ-ಸುಜ್ಞಾನಿಯರ ಮಗನಾಗಿ, ಮಾಯೆಯ ಕೈಗೆ ಸಿಕ್ಕದವನಾಗಿ ಮೊದಲಿನಿಂದಲೇ ಪೂರ್ಣನಾಗಿದ್ದಾನೆ. ತಾತ್ತ್ವಿಕವಾಗಿ ಇದು ಹೆಚ್ಚು ಸುಸಂಬದ್ಧವೇನೋ ನಿಜ. ಮನುಷ್ಯನ ಅನುಭವವಾಗಿ ಬಡವಾಗಿದೆ.

ಇದೆಲ್ಲ ಶಾಂಕರ ಅದ್ವೈತವೇ ತಾನೇ ಎಂಬ ಪ್ರಶ್ನೆ ವಿಚಾರಸಂಕಿರಣಗಳಲ್ಲಿ ತಪ್ಪದೆ ಬರುತ್ತದೆ. ಸಾಮ್ಯ ಇದೆ. ಮೋಕ್ಷವು ಹುಟ್ಟಿಸಬಹುದಾದದ್ದೂ ಅಲ್ಲ, ಹೋಗಿ ಸೇರಬಹುದಾದದ್ದೂ ಅಲ್ಲ, ಧ್ಯಾನ ಪುರುಷತಂತ್ರ, ಜ್ಞಾನ ವಸ್ತುತಂತ್ರ ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಶಂಕರರ ಈ ನಿಲುವನ್ನು ನಂತರದ ವ್ಯಾಖ್ಯಾನಗಳಿಂದ ಬಿಡಿಸಿ ತೋರಿಸಲು ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880-1975) ಜೀವಮಾನವಿಡೀ ಬರೆದರು. ಅವರ ಕನ್ನಡ ಗದ್ಯವನ್ನು ನಮ್ಮ ವಿಭಾಗಗಳು ಮಠದ ಸಾಹಿತ್ಯವೆಂದು ಬದಿಗಿರಿಸಿರುವುದು ಬೇರೆ ಮಾತು. ಆದರೆ ಶಂಕರರಲ್ಲಿ ಶ್ರುತಿವಾಕ್ಯಕ್ಕೆ ಇರುವ ಪ್ರಾಮಾಣ್ಯವನ್ನು ಅಲ್ಲಮ ಒಪ್ಪುವುದಿಲ್ಲ. ಮಾತಿನ ಮೇಲೆಯೇ ಅವನಿಗೆ ಗುಮಾನಿ.

ಶೂನ್ಯಸಂಪಾದನೆಯ ಸಂಪಾದಕರಿಗೆ ಈ ಗುಮಾನಿಯನ್ನು ನಿಭಾಯಿಸುವುದು ಸುಲಭವಾಗಿರಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರೂ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದರು. (ಅವರಲ್ಲೊಬ್ಬನಾದ ಸಿದ್ಧಲಿಂಗಯತಿಯ ಗುಮ್ಮಳಾಪುರ ಇಂದು ತಮಿಳುನಾಡಿನಲ್ಲಿದ್ದರೂ ಆನೇಕಲ್ಲಿಗೆ ಹತ್ತಿರವೇ.) ಷಟ್‌ಸ್ಥಲದ ಮೆಟ್ಟಿಲು, ಕಡೆಗೆ ಶೂನ್ಯಸಿಂಹಾಸನ. ಮೆಟ್ಟಿಲೇ ಇಲ್ಲವೆಂದವನಿಗೆ ಮೆಟ್ಟಿಲು ಕಟ್ಟಿ ಕೂರಿಸಿದ ಈ ಕೆಲಸವನ್ನು ಕೇವಲ ಸಾಂಪ್ರದಾಯಿಕೀಕರಣವೆಂದು ಖಂಡಿಸುವವರೊಂದಿಗೆ ನನಗೆ ಪೂರ್ಣ ಸಹಮತವಿಲ್ಲ. ಗುಡಿಯ ಬಾಗಿಲು ಮುಚ್ಚಿದ್ದವರ ಅಂಗೈಗೆ ಇಷ್ಟಲಿಂಗ ಬಂದಾಗ ಅದು ಪಡೆಯಬೇಕಾದದ್ದೇ ಆಗಿತ್ತು. ಪಡೆಯುವುದೇನೂ ಇಲ್ಲವೆಂಬ ಮಾತು ಎಲ್ಲರ ಕಿವಿಗೂ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ಕುಂದಲಹಳ್ಳಿಯಲ್ಲಿಯೂ ಧ್ಯಾನದಿಂದ ಬೇಸತ್ತ ಎಂಜಿನಿಯರನಿಗೆ ಅದು ಬಿಡುಗಡೆಯಂತೆ ಕೇಳಿಸಬಹುದು. ಆ ಕಟ್ಟಡದ ಗೇಟಿನಲ್ಲಿ ಪಾಳಿ ಕಾಯುವವನಿಗೆ ಅರಸುವ ಬಿಡುವೇ ಸಿಕ್ಕಿರುವುದಿಲ್ಲ.

ಮೇಲಾಗಿ, ಅಲ್ಲಮನನ್ನು ಪ್ರಶ್ನಿಸುವ ದನಿಯನ್ನು ಈ ಸಂಪಾದಕರು ಅಳಿಸಲಿಲ್ಲ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ, ದುಃಖಿಸುವವರು ಯಾರೆಂದು ಕೇಳಬಂದ ಅಲ್ಲಮನನ್ನೇ ತಡೆದು ನಿಲ್ಲಿಸುತ್ತಾಳೆ. ತನ್ನನ್ನು ತಾನರಿತವನಿಗೆ ಇನ್ನೊಬ್ಬರಿಗೆ ಬೋಧಿಸುವ ಮಾತು ಉಳಿದದ್ದೇಕೆ ಎಂಬುದು ಅವಳ ಆಕ್ಷೇಪದ ತಿರುಳು. ಅಲ್ಲಮ ಉತ್ತರಿಸುತ್ತಾನೆ, ಆದರೆ ಉತ್ತರಿಸಲೂ ಮಾತೇ ಬೇಕಾಗುತ್ತದೆ. 1972ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಉಪನ್ಯಾಸ ನೀಡಿದ ಯು.ಜಿ. ಕೃಷ್ಣಮೂರ್ತಿ ಆನಂತರ ಸಾರ್ವಜನಿಕ ವೇದಿಕೆಯನ್ನು ತೊರೆದರು. ಆದರೂ ಹುಡುಕಾಟವೇ ತೊಡಕೆಂಬುದನ್ನು ಮನೆಗೆ ಬಂದವರಿಗೆ 2007ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಲೇ ಇದ್ದರು. ಮುಕ್ತಾಯಕ್ಕನ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ, ಇಂಥ ಲೇಖನ ಬರೆಯುವವರಿಗೂ.

ನಾನು ಎಂ.ಎ. ಓದುವಾಗ ಗೋರಕ್ಷ ಪ್ರಸಂಗ ಪಠ್ಯದಲ್ಲಿತ್ತು. ಮುಕ್ತಾಯಕ್ಕನ ಪ್ರಸಂಗ ಇರಲಿಲ್ಲ. ಮೊದಲನೆಯದನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಅಲ್ಲಮ ಗೆದ್ದವನಾಗಿ ಕಾಣುತ್ತಾನೆ. ಎರಡನ್ನೂ ಒಂದೇ ಪತ್ರಿಕೆಯಲ್ಲಿ ಅಕ್ಕಪಕ್ಕ ಇರಿಸಿ ಬೋಧಿಸಲು ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಅಡ್ಡಿಯೇನೂ ಇರಲಾರದು.