ಹಡಗು ಹತ್ತುವ ಮೊದಲು ಮಾಲ್ ಯಾಕೆ?

ಮತ್ಸ್ಯಗಂಧ ಬೆಳ್ಳಂಬೆಳಿಗ್ಗೆ ಕುರ್ಲಾ ಟರ್ಮಿನಸ್‌ಗೆ ಬಂದುಬಿಡುತ್ತೆ. ಕ್ರೂಸ್ ಹಡಗು ಹೊರಡೋದು ಸಂಜೆ. 2021ರಲ್ಲಿ ಕಾರ್ಡೇಲಿಯಾ ಶುರುವಾದ ಮೇಲೆ ಊರ ನೆಂಟರು ನಡುವಿನ ಹೊತ್ತನ್ನು ಇಲ್ಲಿನ ಮಾಲ್‌ನಲ್ಲಿ ಕಳೆಯೋದು ನೋಡ್ತಿದ್ದೇನೆ. ನನಗಂತೂ ಒಪ್ಪಿಗೆಯಿಲ್ಲ. ಮಾಲ್ ಮಂಗಳೂರಲ್ಲೂ ಇದೆಯಲ್ಲ ಮಾರಾಯ್ರೆ!

ಟ್ರಾಫಿಕ್ಕಿಗೆ ಮುಂಚೆ ಟ್ಯಾಕ್ಸಿ ಹಿಡಿದು ಸಿಎಸ್‌ಎಂಟಿಗೆ ಹೋಗಿ, ಸೂಟ್‌ಕೇಸ್ ಕ್ಲೋಕ್ ರೂಮಿಗೆ ಹಾಕಿ. (ಅದನ್ನೆತ್ತಿಕೊಂಡು ಎಂಟೂವರೆಗೆ ಕುರ್ಲಾದಲ್ಲಿ ಲೋಕಲ್ ಹತ್ತುವ ಸಾಹಸ ಬೇಡ, ಪುಣ್ಯ ಬರುತ್ತೆ.) ಆಮೇಲೆ ನಡೆದೇ ಬಲ್ಲಾರ್ಡ್ ಎಸ್ಟೇಟ್ ನೋಡಿ. ಸಮುದ್ರ ತುಂಬಿಸಿ ಮಾಡಿದ ಜಾಗ. ಗೇಟ್‌ವೇ ಕಟ್ಟಿದ ಜಾರ್ಜ್ ವಿಟೆಟ್‌ನದೇ ವಿನ್ಯಾಸ. 1928ರಲ್ಲಿ ಫ್ರಾಂಟಿಯರ್ ಮೇಲ್ ಹೊರಟಿದ್ದು ಇಲ್ಲಿಂದ. ವಿಲಾಯಿತಿ ಹಡಗಿಳಿದ ಸಾಹೇಬರು ನೇರ ರೈಲು ಹತ್ತುತ್ತಿದ್ದರು.

ಆದರೆ ಬಿಡಲೇಬಾರದ ಜಾಗ ಭಾವೂಚಾ ಧಕ್ಕಾ. ಹಾರ್ಬರ್ ಲೈನಿನ ಮೂರನೇ ಸ್ಟೇಶನ್ ಡಾಕ್‌ಯಾರ್ಡ್ ರೋಡ್‌ನಲ್ಲಿಳಿಯಿರಿ. ಬೆಳಿಗ್ಗೆ ಆ ದಿಕ್ಕಿಗೆ ರಶ್ ಕಮ್ಮಿ. ಮೀನಿನ ವಾಸನೆ ಇದೆ, ಇರಲಿ. 1947ರ ಜುಲೈ 17ರಂದು ಇಲ್ಲಿಂದ ಹೊರಟ ‘ರಾಮದಾಸ್’ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೊಂಕಣದ ಬಡವರ ಸ್ಟೀಮರ್ ಅದು. ನಮ್ಮ ಕರಾವಳಿಯ ಹಿರಿಯರೂ ಅಂಥದೇ ಸ್ಟೀಮರ್‌ಗಳ ಡೆಕ್ಕಿನಲ್ಲಿ ಕೂತು, ವಾಂತಿ ಮಾಡಿಕೊಂಡು, ಹೋಟೆಲ್ ಕೆಲಸಕ್ಕೆಂದು ಈ ಊರಿಗೆ ಬಂದವರು. ಅವರ ಮೊಮ್ಮಕ್ಕಳು ಈಗ ಬಾಲ್ಕನಿ ರೂಮ್ ಬುಕ್ ಮಾಡಿ ಬರ್ತಾರೆ. ಸಂತೋಷ. ಧಕ್ಕೆಯಲ್ಲಿ ಅರ್ಧ ಗಂಟೆ ನಿಂತು ಬಂದರೂ ಚೆಕ್-ಇನ್ ತಪ್ಪೋದಿಲ್ಲ.